ದೊರೆ ಹೋದ ಮರುದಿನ



ಹೋದ ತಿಂಗಳು ನಾನು ಖಡಕ್ ರೊಟ್ಟಿಯ ಬೆಲೆಯನ್ನು ಒಂದು ರೂಪಾಯಿ ಏರಿಸಿದೆ. ಜೋಳ ತುಟ್ಟಿ, ಗ್ಯಾಸು ತುಟ್ಟಿ, ಮೇಲಾಗಿ ರೊಟ್ಟಿ ಬಡಿಯುವ ಕೈಗಳಿಗೂ ವಯಸ್ಸಾಗುತ್ತ ಬಂತು. ಬೇರೆ ದಾರಿ ಇರಲಿಲ್ಲ. ಅಂದು ಸಂಜೆಯೇ ನಮ್ಮ ಜೇವರ್ಗಿ ಕಾಲೋನಿಯ ಖಾಯಂ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು, "ಏನ್ರೀ ಅಕ್ಕೋರೆ, ರೊಟ್ಟಿಗೂ ಹಿಂಗ ಮಾಡಿದ್ರ ನಾವು ತಿನ್ನೂದರೆ ಏನು?" ಎಂದು ನಾಲ್ಕು ಮನೆಗೆ ಕೇಳುವಂತೆ ಕೂಗಾಡಿ, ಕೊನೆಗೆ ಇಪ್ಪತ್ತು ರೊಟ್ಟಿ ಕಟ್ಟಿಸಿಕೊಂಡೇ ಹೋದರು. ಒಳಗೆ ಪೇಪರು ಓದುತ್ತ ಕೂತಿದ್ದ ನಮ್ಮ ಮನೆಯವರು ನಕ್ಕು, "ನಿನ್ನ ಪುಣ್ಯಾ ಛಲೋ ಅದ, ಇದು ಕಲಬುರಗಿ. ಅರಬರ ದೇಶದಾಗ ಆಗಿದ್ರ ಈ ಒಂದ್ ರೂಪಾಯಿಗಿ ನಿನ್ನ ಸರ್ಕಾರ ಬಿದ್ದಿರ್ತಿತ್ತು" ಎಂದರು.

ಅವರು ಹೇಳಿದ್ದು ತಮಾಷೆಗೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೆಯದೆಲ್ಲ ನೆನಪಾಯಿತು. ಹತ್ತನೆಯ ತರಗತಿ ಓದಿದ ಗೃಹಿಣಿಗೆ ಅರಬ್ ದೇಶಗಳ ರಾಜಕೀಯದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅಡುಗೆ, ಹೊಲಿಗೆ, ಮಕ್ಕಳ ಕೆಮ್ಮಿನ ಔಷಧಿ ಓದಲು ಪತ್ರಿಕೆ ಬಿಡಿಸಿದವರಿಗೆ ಇದು ಬೇಸರ ತರಲೂಬಹುದು. ಆದರೆ ಆ ದೇಶಗಳ ಗಲಾಟೆ ಒಮ್ಮೆ ನಮ್ಮ ಮನೆಯ ಒಲೆಯವರೆಗೆ ಬಂದು ಹೋಗಿದೆ. ನಾನು ರೊಟ್ಟಿ ಮಾರಲು ಶುರುಮಾಡಿದ್ದೇ ಅದರಿಂದ.

ಮೊದಲು ರೊಟ್ಟಿಯ ವಿಷಯವನ್ನೇ ಹೇಳಿಬಿಡುತ್ತೇನೆ. ಈಜಿಪ್ಟಿನ ಜನ ತಮ್ಮ ಆಡುಮಾತಿನಲ್ಲಿ ರೊಟ್ಟಿಗೆ 'ಐಶ್' ಎನ್ನುತ್ತಾರೆ. ಆ ಪದಕ್ಕೆ ಬದುಕು ಎಂದು ಅರ್ಥ. 1977ರ ಜನವರಿಯಲ್ಲಿ ಅಲ್ಲಿಯ ಅಧ್ಯಕ್ಷ ಅನ್ವರ್ ಸಾದತ್ ಅವರ ಸರ್ಕಾರ ರೊಟ್ಟಿಯಂಥ ದಿನಬಳಕೆಯ ಪದಾರ್ಥಗಳ ಮೇಲಿನ ಸಬ್ಸಿಡಿ ತೆಗೆಯಲು ಹೋಯಿತು. ಎರಡು ದಿನ ಊರೂರು ಹೊತ್ತಿ ಉರಿಯಿತು, ಸೈನ್ಯ ಬೀದಿಗಿಳಿಯಿತು, ಬೆಲೆ ಮತ್ತೆ ಹಳೆಯ ಜಾಗಕ್ಕೇ ಬಂತು. 1984ರ ಜನವರಿಯಲ್ಲಿ ಟ್ಯುನೀಷಿಯಾದಲ್ಲೂ ಇದೇ ಕಥೆ. ಅಲ್ಲಿಯ ಅಧ್ಯಕ್ಷ ಬೂರ್ಗಿಬಾ ತಾವೇ ಮುಂದೆ ಬಂದು, ರೊಟ್ಟಿಗೆ ಹಳೆಯ ಬೆಲೆಯೇ ಇರಲಿ ಎಂದು ಘೋಷಿಸಬೇಕಾಯಿತು. ಸುಡಾನಿನಲ್ಲಿ 2018ರ ಡಿಸೆಂಬರಿನಲ್ಲಿ ಒಂದು ಪೌಂಡಿನ ರೊಟ್ಟಿ ಮೂರು ಪೌಂಡಾಯಿತು. ಅತ್ಬರಾ ಎಂಬ ಊರಿನಲ್ಲಿ ಎದ್ದ ಜನ ಮನೆಗೆ ಹೋಗಲೇ ಇಲ್ಲ. ಮೂವತ್ತು ವರ್ಷ ಆಳಿದ ಒಮರ್ ಅಲ್ ಬಷೀರ್ 2019ರ ಏಪ್ರಿಲಿನಲ್ಲಿ ಕುರ್ಚಿ ಬಿಡಬೇಕಾಯಿತು.

ರೊಟ್ಟಿಗಾಗಿ ಇಷ್ಟೊಂದೇ ಎಂದು ನಿಮಗೆ ಅನಿಸಬಹುದು. ನಮ್ಮ ಕೂಡುಕುಟುಂಬಗಳನ್ನು ನೆನಪಿಸಿಕೊಳ್ಳಿ. ಹಿರಿಯನೊಬ್ಬ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಗಿಸಿಕೊಂಡು, "ಹೊಟ್ಟೀಗಿ ಹಾಕ್ತೀನಿ, ಎದುರು ಮಾತಾಡಬ್ಯಾಡ್ರಿ" ಎನ್ನುತ್ತಿದ್ದ. ಊಟ ಸರಿಯಾಗಿ ಬೀಳುವವರೆಗೆ ಸೊಸೆಯಂದಿರು ಬಾಯಿ ಬಿಡುತ್ತಿರಲಿಲ್ಲ. ಊಟ ಕಡಿಮೆಯಾದ ದಿನ ಊಟದ ಮಾತಷ್ಟೇ ಹೊರಗೆ ಬರುತ್ತಿತ್ತೇ? ಹತ್ತು ವರ್ಷದ ಹಿಂದಿನ ಬಯ್ಗುಳ, ತವರಿಗೆ ಕಳಿಸದೇ ಇದ್ದದ್ದು, ಬಂಗಾರ ಒತ್ತೆ ಇಟ್ಟದ್ದು ಎಲ್ಲವೂ ಒಟ್ಟಿಗೇ ಬರುತ್ತಿತ್ತು. ಅರಬ್ ದೇಶಗಳ ದೊರೆಗಳು ಮಾಡಿಕೊಂಡಿದ್ದ ಕರಾರೂ ಇಂಥದ್ದೇ. ರೊಟ್ಟಿ ಅಗ್ಗ ಕೊಡುತ್ತೇವೆ, ಕೆಲಸ ಕೊಡುತ್ತೇವೆ, ಓಟಿನ ಮಾತು ಎತ್ತಬೇಡಿ. ಮಕ್ಕಳು ಓದಿದರು, ಡಿಗ್ರಿ ಪಡೆದರು, ಕೆಲಸ ಮಾತ್ರ ಸಿಗಲಿಲ್ಲ. 2010ರಲ್ಲಿ ರಷ್ಯಾದಲ್ಲಿ ಭಾರಿ ಬರ ಬಿದ್ದು ಆಗಸ್ಟಿನಲ್ಲಿ ಆ ದೇಶ ಗೋಧಿ ರಫ್ತು ನಿಲ್ಲಿಸಿತು. ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ಹೊರಗಿನಿಂದ ತರಿಸುತ್ತಿದ್ದ ದೇಶ ಈಜಿಪ್ಟ್. ಎಲ್ಲಿಯ ಬರ, ಎಲ್ಲಿಯ ಒಲೆ ನೋಡಿ.

ಆ ವರ್ಷ ಡಿಸೆಂಬರ್ 17ರಂದು ಟ್ಯುನೀಷಿಯಾದ ಸೀದಿ ಬೂಜೀದ್ ಎಂಬ ಸಣ್ಣ ಊರಿನಲ್ಲಿ ಮೊಹಮ್ಮದ್ ಬೂವಾಜೀಜಿ ಎಂಬ ಇಪ್ಪತ್ತಾರರ ಹುಡುಗನ ತಳ್ಳುಗಾಡಿಯ ತಕ್ಕಡಿಯನ್ನು ಮುನಸಿಪಾಲಿಟಿಯವರು ಕಿತ್ತುಕೊಂಡರು. ತಕ್ಕಡಿ ಕೇಳಲು ಹೋದರೆ ಕೇಳುವವರೇ ಇಲ್ಲ. ಅವನು ಕಚೇರಿಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 4ಕ್ಕೆ ತೀರಿಕೊಂಡ. ಹತ್ತು ದಿನ ಕಳೆಯುವುದರೊಳಗೆ 23 ವರ್ಷ ಆಳಿದ ಬೆನ್ ಅಲಿ ವಿಮಾನ ಹತ್ತಿ ಸೌದಿಗೆ ಓಡಿದ. ಫೆಬ್ರವರಿ 11ಕ್ಕೆ ಈಜಿಪ್ಟಿನ ಮುಬಾರಕ್ ಇಳಿದ. ಒಂದು ತಕ್ಕಡಿಯಿಂದ ಎರಡು ಸಿಂಹಾಸನ! ಟಿ.ವಿ.ಯಲ್ಲಿ ಕೈರೋ ಪಟ್ಟಣದ ಜನಸಾಗರ ನೋಡಿ ನಾವೂ ಸಂತೋಷಪಟ್ಟವರೇ. ಮುಂದಿನ ಸರದಿ ನಮ್ಮವರು ಇದ್ದ ದೇಶದ್ದು ಎಂದು ನನಗೇನು ಗೊತ್ತು?

ನಮ್ಮ ಮನೆಯವರು ಇಲೆಕ್ಟ್ರಿಷಿಯನ್. 2009ರಲ್ಲಿ ಲಿಬಿಯಾದ ಬೆಂಗಾಜಿ ಪಟ್ಟಣಕ್ಕೆ, ಸರ್ಕಾರಿ ಮನೆಗಳನ್ನು ಕಟ್ಟುವ ಕೆಲಸಕ್ಕೆ ಹೋದರು. ಏಜೆಂಟನಿಗೆ ಕೊಡಲು ನನ್ನ ಮೂರು ತೊಲೆ ಸರ ಮಾರಿದೆವು, ಉಳಿದದ್ದು ನನ್ನ ಅಣ್ಣನ ಸಾಲ. ಆಗಿನ್ನೂ ನಮ್ಮ ಊರಿನ ಹೆಸರು ಗುಲ್ಬರ್ಗಾ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಮನೆಯಲ್ಲಿ ನಾನು, ಮಕ್ಕಳು, ಎಪ್ಪತ್ತು ದಾಟಿದ ಅತ್ತೆ. ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಅವರ ಮಾತಿನಲ್ಲಿ ಆ ದೇಶ ಸ್ವರ್ಗವೇ. "ಇಲ್ಲಿ ನೀರಿಗಿಂತ ಪೆಟ್ರೋಲ್ ಸಸ್ತಾ. ರೊಟ್ಟಿ ಅಂತೂ ಚೀಲಗಟ್ಲೆ ಒಯ್ತಾರ, ಉಳದ್ರ ಒಗೀತಾರ" ಎನ್ನುತ್ತಿದ್ದರು. 1959ರಲ್ಲಿ ಎಣ್ಣೆ ಸಿಕ್ಕ ದೇಶ, ಅರವತ್ತು ಲಕ್ಷದಷ್ಟು ಜನ. ಕರ್ನಲ್ ಗದ್ದಾಫಿ 1969ರ ಸೆಪ್ಟೆಂಬರಿನಲ್ಲಿ ರಾಜ ಇದ್ರಿಸನನ್ನು ಇಳಿಸಿ ಕೂತವನು, 42ನೇ ವರ್ಷಕ್ಕೂ ಕೂತೇ ಇದ್ದ.

ಹಾಗಾದರೆ ರೊಟ್ಟಿ ಅಗ್ಗವಿದ್ದ ಊರಿನಲ್ಲಿ ಜನ ಏಕೆ ಎದ್ದರು? ನಮ್ಮವರಿಗೆ ಅಲ್ಲಿದ್ದಾಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತಂತೆ, ಅರ್ಥವಾಗಿರಲಿಲ್ಲವಂತೆ. ಶನಿವಾರಗಳಂದು ಬೆಂಗಾಜಿಯಲ್ಲಿ ಕೆಲವು ಹೆಂಗಸರು ಗಂಡುಮಕ್ಕಳ ಫೋಟೋ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ಟ್ರಿಪೋಲಿಯಲ್ಲಿ ಅಬು ಸಲೀಂ ಎಂಬ ಜೈಲಿದೆ. 1996ರ ಜೂನಿನಲ್ಲಿ ಅಲ್ಲಿ ಸುಮಾರು 1,200 ಕೈದಿಗಳನ್ನು ಗುಂಡಿಕ್ಕಿ ಕೊಂದರು. ಮನೆಯವರಿಗೆ ತಿಳಿಸಲಿಲ್ಲ. ತಾಯಂದಿರು, ಹೆಂಡಂದಿರು ನೂರಾರು ಮೈಲಿಯಿಂದ ಬುತ್ತಿ, ಬಟ್ಟೆ ಕಟ್ಟಿಕೊಂಡು ಜೈಲಿನ ಬಾಗಿಲಿಗೆ ಹೋಗುತ್ತಿದ್ದರು. ಕಾವಲಿನವರು ಆ ಗಂಟನ್ನು ಇಸಿದುಕೊಂಡು ಕಳಿಸುತ್ತಿದ್ದರು. ಹೀಗೆ ವರ್ಷಗಟ್ಟಲೆ! ಸತ್ತ ಮಗನಿಗೆ ತಾಯಿ ಬುತ್ತಿ ಕಟ್ಟುತ್ತಿದ್ದಳು ಸೋದರಿಯರೇ, ಯಾರೂ ಅವಳಿಗೆ ಬೇಡ ಎನ್ನಲಿಲ್ಲ. 2011ರ ಫೆಬ್ರವರಿ 15ರಂದು ಈ ಕುಟುಂಬಗಳ ವಕೀಲ ಫತ್ಹಿ ತರ್ಬಿಲ್ ಎಂಬುವರನ್ನು ಪೊಲೀಸರು ಹಿಡಿದಾಗ ಬೆಂಗಾಜಿ ಎದ್ದಿತು. ನಾಯಕರಿಂದಲ್ಲ, ಪಕ್ಷದಿಂದಲ್ಲ, ಆ ಫೋಟೋ ಹಿಡಿದು ನಿಂತವರಿಂದ. ನನಗಂತೂ ಅದರಲ್ಲಿ ಅನುಮಾನವಿಲ್ಲ.

ನಮ್ಮವರ ಕೊನೆಯ ಫೋನು ಬಂದದ್ದು ಫೆಬ್ರವರಿ 16ಕ್ಕೆ. "ಏನೋ ಗದ್ದಲ ಐತಿ, ಕ್ಯಾಂಪಿನ ಹೊರಗ ಹೋಗಬ್ಯಾಡ್ರಿ ಅಂದಾರ, ಚಿಂತಿ ಮಾಡಬ್ಯಾಡ" ಎಂದಿದ್ದರು. ಆಮೇಲೆ ಫೋನು ಹತ್ತಲಿಲ್ಲ. ಟಿ.ವಿ.ಯಲ್ಲಿ ಹೊಗೆ, ಗುಂಡು, ಹಸಿರು ಬಾವುಟ ಹರಿದುಹಾಕುವ ಹುಡುಗರು. ಲಿಬಿಯಾದಲ್ಲಿ ಸುಮಾರು 18,000 ಭಾರತೀಯರು ಇದ್ದಾರೆ ಎಂದು ವಾರ್ತೆ. ಅಷ್ಟು ಜನರಲ್ಲಿ ನನ್ನ ಒಬ್ಬನನ್ನು ಹುಡುಕುವುದು ಹೇಗೆ? ಏಜೆಂಟನ ನಂಬರು ಸ್ವಿಚ್ ಆಫ್. ಹತ್ತು ದಿನ ನಾನು ಅಡುಗೆ ಮಾಡಿದ್ದು ಮಕ್ಕಳಿಗೆ ಮಾತ್ರ.

ಅತ್ತೆಯವರು ಟಿ.ವಿ. ಮುಂದೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಹಿಂದಿ, ಇಂಗ್ಲಿಷ್ ತಿಳಿಯದಿದ್ದರೂ ಅವರಿಗೆ ಎಲ್ಲ ತಿಳಿಯುತ್ತಿತ್ತು. ಫೆಬ್ರವರಿ 20ರಂದು ಬೆಂಗಾಜಿಯ ಸೈನ್ಯದ ಠಾಣೆ ಬಿತ್ತು. ಜನ ಕುಣಿಯುವುದನ್ನು ತೋರಿಸುತ್ತಿದ್ದಾಗ ನಾನು, "ಅತ್ತಿ, ದೊರಿ ಹೋದಂಗ ಆತು ನೋಡ್ರಿ, ಇನ್ನ ಗದ್ದಲ ಮುಗೀತದ" ಎಂದೆ. ಅವರು ನನ್ನ ಕಡೆ ತಿರುಗಿ, "ದೊರಿ ಹೋಗೂದ್ ದೊಡ್ದಲ್ಲವಾ ತಂಗಿ. ಮರುದಿನ ಕಠಿಣ. ಮರುದಿನ ಯಾರು ಅದಾರ ಅದನ್ನ ಕೇಳು" ಎಂದರು. ನನಗೆ ಆಗ ಸಿಟ್ಟೇ ಬಂತು. ಮಗ ಸಿಕ್ಕಿಬಿದ್ದಿದ್ದಾನೆ, ಈ ಮುದುಕಿ ವೇದಾಂತ ಹೇಳುತ್ತಾಳೆ ಎಂದುಕೊಂಡೆ.

ನಮ್ಮ ಸರ್ಕಾರ ಗೊತ್ತು ಮಾಡಿದ 'ಸ್ಕೋಷಿಯಾ ಪ್ರಿನ್ಸ್' ಎಂಬ ಹಡಗು ಫೆಬ್ರವರಿಯ ಕೊನೆಯಲ್ಲಿ ಬೆಂಗಾಜಿಗೆ ಹೋಗಿ, ಸುಮಾರು 1,200 ಜನರನ್ನು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ತಂದು ಇಳಿಸಿತು. ಅಲ್ಲಿಂದ ವಿಮಾನ. ಶಿವರಾತ್ರಿ ಕಳೆದು ಎರಡು ದಿನಕ್ಕೆ, ಮುಂಬಯಿಯಿಂದ ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ನಮ್ಮವರು ಬಂದಿಳಿದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಲುಂಗಿ, ಒಣಗಿದ ಖರ್ಜೂರ. ಕಂಪನಿಯ ಮೇಲಿನವರು ಮೊದಲೇ ಕಾಲು ಕಿತ್ತಿದ್ದರಂತೆ. ಪಾಸ್‌ಪೋರ್ಟುಗಳು ಅವರ ಕಪಾಟಿನಲ್ಲೇ ಉಳಿದವು. ನಾಲ್ಕು ತಿಂಗಳ ಪಗಾರ ಬರಬೇಕಿತ್ತು. ಬಂದಿಲ್ಲ, ಇನ್ನು ಬರುವುದೂ ಇಲ್ಲ. ಅಣ್ಣನ ಸಾಲ ತೀರಿಸಲು ನಾನು ಕೊಣಮಿಗೆ ಹಿಟ್ಟು ಹಾಕಿದ್ದು ಆ ಯುಗಾದಿಯಿಂದ.

ಕ್ಯಾಂಪನ್ನು ಲೂಟಿಗಾರರು ಹೊಕ್ಕ ರಾತ್ರಿ ಹನ್ನೊಂದು ಜನ ಬರಿಗಾಲಲ್ಲಿ ಓಡಿದರಂತೆ. ಸೈಟಿನ ಸ್ಟೋರ್‌ಕೀಪರ್, ಅಲ್ಲಿಯವನೇ, ಸಬ್ರಿ ಎಂಬ ಓಣಿಯವನು, ಇವರನ್ನು ತನ್ನ ಮನೆಗೆ ಕರೆದೊಯ್ದ. ಆರು ರಾತ್ರಿ ಇಟ್ಟುಕೊಂಡ. ಅವನ ಮುದಿತಾಯಿ ತಾನೇ ರೊಟ್ಟಿ ಸುಟ್ಟು ಬಡಿಸುತ್ತಿದ್ದಳು. ಬಂದೂಕಿನವರು ಬಾಗಿಲು ತಟ್ಟಿದಾಗ ಆಕೆಯೇ ಹೋಗಿ, ಇಲ್ಲಿ ಹೆಂಗಸರು ಮಾತ್ರ ಇದ್ದೇವೆ ಎಂದು ಹೇಳಿ ಕಳಿಸಿದಳು. ಖರ್ಜೂರ ಆಕೆಯದೇ.

ಇದನ್ನು ಕೇಳುತ್ತ ಕೇಳುತ್ತ ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮಗ ಬಂದ ಸಂತೋಷ ಎಂದುಕೊಂಡೆವು. ಅಲ್ಲ. ಆ ರಾತ್ರಿ ಅವರು 63 ವರ್ಷ ಯಾರಿಗೂ ಹೇಳದೆ ಇದ್ದ ಮಾತನ್ನು ಹೇಳಿದರು.

ಅತ್ತೆಯವರ ತವರು ಕಮಲಾಪುರದ ಹತ್ತಿರದ ಒಂದು ಹಳ್ಳಿ. ನಮ್ಮ ಈ ಭಾಗ ಆಗ ಹೈದರಾಬಾದ್ ನಿಜಾಮರದು ಎಂದು ನಿಮಗೆ ಗೊತ್ತೇ ಇದೆ. ಕಚೇರಿಯ ಮಾತು ಉರ್ದು, ಜೇಬಿನಲ್ಲಿ ಹಾಲಿ ಸಿಕ್ಕಾ. ಖಜಾನೆ ಕಾಯಲು, ಜಾಗೀರುದಾರರ ಗಡಿಗಳಲ್ಲಿ ಅರಬರೇ ಇರುತ್ತಿದ್ದರು. ಯಮನ್ ದೇಶದ ಹದ್ರಮೌತ್ ಸೀಮೆಯಿಂದ ಬಂದವರ ಮನೆತನಗಳು. ನಿಜಾಮರ ಸೈನ್ಯದ ಸೇನಾಪತಿ ಎಲ್ ಎದ್ರೂಸ್ ಕೂಡ ಅರಬ್ ಮೂಲದವರೇ. ಆ ಬಾವುಟದ ನಡುವಿದ್ದ ಗುಂಡನೆಯ ಗುರುತು ಕುಲ್ಚಾ ರೊಟ್ಟಿಯಂತೆ. ಮೊದಲ ನಿಜಾಮ ಒಬ್ಬ ಫಕೀರರ ಮನೆಯಲ್ಲಿ ಏಳು ಕುಲ್ಚಾ ತಿಂದದ್ದಕ್ಕೆ ಏಳು ತಲೆಮಾರು ಆಳುತ್ತೀ ಎಂದು ಅವರು ಹರಸಿದರು ಎಂಬ ಕಥೆ ಇದೆ. ಏಳನೆಯವರೇ ಕೊನೆಯವರಾದರು. ನೋಡಿ, ಅಲ್ಲಿಯೂ ರೊಟ್ಟಿ.

1948ರಲ್ಲಿ ಅತ್ತೆಗೆ ಹತ್ತು ವರ್ಷ. ರಜಾಕಾರರ ಹಾವಳಿ. ಆ ವರ್ಷ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಊರಿಗೆ ಊರೇ ನೊಂದ ಕೊಲೆಗಳಾದ ಮೇಲೆ, ಗಂಡಸರು ರಾತ್ರೋರಾತ್ರಿ ಸೋಲಾಪುರದ ಕಡೆಗೆ ಓಡುತ್ತಿದ್ದರು. ಅತ್ತೆಯ ತಂದೆಯೂ ಹೋದರು. ಪಕ್ಕದ ಮನೆಯಲ್ಲಿ ಒಬ್ಬ ಬೀಬಿ ಇದ್ದಳು. ಅವಳ ಗಂಡ ಕರೋಡಗಿರಿ ನಾಕಾದಲ್ಲಿ ಜವಾನ. ಅತ್ತೆಯ ತಾಯಿಯ ಬೆಳ್ಳಿ ಒಡವೆ, ಎರಡು ಚೀಲ ಜೋಳ ಬೀಬಿಯ ಮನೆಯಲ್ಲೇ ಬಚ್ಚಿಟ್ಟದ್ದು. ರಜಾಕಾರರು ಬಂದಾಗ ಅವಳೇ ಹೊಸ್ತಿಲಲ್ಲಿ ನಿಂತು, "ಈ ಮನ್ಯಾಗ ಯಾರೂ ಇಲ್ಲ, ಓಡಿಹೋಗ್ಯಾರ" ಎಂದು ಹೇಳಿ ಕಳಿಸಿದಳು. ಒಳಗೆ ಹೇವಿನ ಹಿಂದೆ ತಾಯಿ, ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. ನಾವು ಪೊಲೀಸ್ ಆ್ಯಕ್ಷನ್ ಎನ್ನುತ್ತೇವಲ್ಲ, ಅದು. ನಳದುರ್ಗ, ಹುಮನಾಬಾದ ದಾಟಿ ಟ್ಯಾಂಕು ಹೋದವು. 17ಕ್ಕೆ ನಿಜಾಮರು ಶರಣಾದರು. ಊರಲ್ಲಿ ಸಕ್ಕರೆ ಹಂಚಿದರು, ತಂದೆ ಮನೆಗೆ ಬಂದರು. ಇಷ್ಟು ಕಥೆಯನ್ನು ಪ್ರತಿ ಸೆಪ್ಟೆಂಬರ್ 17ಕ್ಕೆ ಅತ್ತೆ ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಮರುದಿನದ್ದನ್ನು ಮಾತ್ರ ಹೇಳಿರಲಿಲ್ಲ.

ಸೈನ್ಯ ಹೈದರಾಬಾದಿನ ಕಡೆ ಹೋಯಿತು, ರಜಾಕಾರರು ಓಡಿದರು, ನಿಜಾಮರ ಪೊಲೀಸರು ಠಾಣೆ ಬಿಟ್ಟರು. ನಡುವೆ ಯಾರೂ ಇಲ್ಲದ ಕೆಲವು ದಿನಗಳು. ಸೇಡು ತೀರಿಸಿಕೊಳ್ಳುವವರು ಊರೂರಿನಲ್ಲೂ ಎದ್ದರು. ರಜಾಕಾರನಾಗಿದ್ದವನು, ಆಗಿರದವನು ಎಂದು ವಿಚಾರಿಸುವ ತಾಳ್ಮೆ ಯಾರಿಗಿತ್ತು? ಬೀಬಿಯ ಗಂಡ ನಾಕಾದಿಂದ ವಾಪಸು ಬರಲೇ ಇಲ್ಲ. ಮೂರನೆಯ ರಾತ್ರಿ ಬೀಬಿ ಬಂದು ಕದ ತಟ್ಟಿದಳು. ತಲೆಯ ಮೇಲೆ ತಾಮ್ರದ ಹಂಡೆ, ಸೆರಗು ಹಿಡಿದ ಎರಡು ಮಕ್ಕಳು. "ಹಂಡೆ ಇಟ್ಕೋರಿ, ಇವತ್ತೊಂದ್ ರಾತ್ರಿ ಮಕ್ಕಳನ್ನೂ ಒಳಗ ಹಾಕ್ಕೋರಿ, ನಸುಕನ್ಯಾಗ ಒಯ್ತೀನಿ" ಎಂದಳು. ಅತ್ತೆಯ ತಂದೆ ಓಣಿಯ ಆ ಕಡೆ, ಈ ಕಡೆ ನೋಡಿದರು. ದೂರದಲ್ಲಿ ದೀವಟಿಗೆ ಹಿಡಿದ ಮಂದಿ ಬರುತ್ತಿದ್ದರು. ಅವರಿಗೂ ಹೆದರಿಕೆ, ಅವರಿಗೂ ಮಕ್ಕಳು. ಕದ ಹಾಕಿಬಿಟ್ಟರು.

"ಹಂಡೆ ಒಳಗ ತೊಗೊಂಡಿವಿ ತಂಗಿ, ಕೂಸುಗಳನ್ನ ತೊಗೊಳ್ಳಲಿಲ್ಲ" ಎಂದರು ಅತ್ತೆ. ಬೀಬಿ ಹೈದರಾಬಾದ್ ಮುಟ್ಟಿದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. "ಆ ಅರಬ್ಬಿ ಮುದುಕಿ ನನ್ನ ಮಗನ್ನ ಒಳಗ ಹಾಕ್ಕೊಂಡ್ಳು" ಎಂದು ಮತ್ತೆ ಅಳತೊಡಗಿದರು.

ನಾನು ಅಲ್ಲಿಯವರೆಗೆ ಇದನ್ನು ಎಲ್ಲಿಯೂ ಓದಿರಲಿಲ್ಲ. ಶಾಲೆಯ ಪುಸ್ತಕದಲ್ಲಿ 17ನೇ ತಾರೀಖಿಗೆ ಪಾಠ ಮುಗಿಯುತ್ತಿತ್ತು. ಆಮೇಲೆ ತಿಳಿಯಿತು. ಆಗಿನ ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಕಳಿಸಿದ್ದರು. ಪೊಲೀಸ್ ಆ್ಯಕ್ಷನ್ನಿನ ಸಮಯದಲ್ಲಿ ಮತ್ತು ನಂತರ ಸತ್ತವರು 27,000ದಿಂದ 40,000 ಇರಬಹುದು ಎಂದು ಆ ಸಮಿತಿ ಅಂದಾಜು ಮಾಡಿತು. ಹೆಚ್ಚು ಕೆಟ್ಟದ್ದು ನಡೆದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ನಮ್ಮ ಗುಲ್ಬರ್ಗಾ, ಬೀದರ ಇವೆ. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಅರಬರಲ್ಲಿ ಅನೇಕರನ್ನು ಹಿಡಿದಿಟ್ಟು ಏಡನ್ನಿನ ಕಡೆಗೆ ಹಡಗಿನಲ್ಲಿ ಕಳಿಸಿಬಿಟ್ಟರು. ಹುಟ್ಟಿದಾಗಿನಿಂದ ಇಲ್ಲೇ ಬೆಳೆದವರು ಆ ದೇಶದಲ್ಲಿ ಹೋಗಿ ಏನು ಮಾಡಿದರೋ!

ಆದರೂ ನಮ್ಮ ಮರುದಿನ ಬೇಗ ಮುಗಿಯಿತು ಎಂದೇ ಹೇಳಬೇಕು. ಏಕೆಂದರೆ ಪಕ್ಕದಲ್ಲಿ ಒಂದು ದೊಡ್ಡ ಮನೆ ಇತ್ತು. ಜನರಲ್ ಚೌಧರಿ ಎಂಬ ಮಿಲಿಟರಿ ಗವರ್ನರ್ ಬಂದು ಕೂತರು, ಕಚೇರಿಗಳು ತೆರೆದವು, 1949ರಲ್ಲಿ ಜಾಗೀರುಗಳು ಹೋದವು, 1950ಕ್ಕೆ ಸಂವಿಧಾನ, 1952ರಲ್ಲಿ ಓಟು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿ ಕಚೇರಿಯಲ್ಲಿ ಕನ್ನಡ ಕೇಳುವಂತಾಯಿತು. ಹಿಂದೆ ಬಿದ್ದದ್ದು ಮಾತ್ರ ಹಿಂದೆಯೇ ಉಳಿಯಿತು ಬಿಡಿ. ಅದಕ್ಕಾಗಿ 371 ಜೆ ಎಂಬ ವಿಶೇಷ ಕಲಮು ಬರಲು 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ನನ್ನ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕದ್ದು ಅದರಿಂದಲೇ.

ಲಿಬಿಯಾಕ್ಕೆ ಅಂಥ ಪಕ್ಕದ ಮನೆ ಇರಲಿಲ್ಲ. ತನ್ನ ಮನೆಯಲ್ಲೂ ಒಂದೇ ಕಂಬ. ಇದ್ದ 1951ರ ಸಂವಿಧಾನವನ್ನು ಗದ್ದಾಫಿ ಬಂದ ವರ್ಷವೇ ತೆಗೆದುಹಾಕಿದ್ದ. ಪಕ್ಷ ಕಟ್ಟಿದರೆ ಶಿಕ್ಷೆ. ಸೈನ್ಯ ಬಲಿತರೆ ತನ್ನನ್ನೇ ಇಳಿಸೀತು ಎಂದು ಅದನ್ನು ಸೊರಗಿಸಿ, ಮಕ್ಕಳ ಕೈಯಲ್ಲಿ ಬೇರೆ ಪಡೆ ಇಟ್ಟಿದ್ದ. 2011ರ ಮಾರ್ಚಿನಿಂದ ನ್ಯಾಟೋ ವಿಮಾನಗಳು ಬಾಂಬು ಹಾಕಿದವು, ಅಕ್ಟೋಬರ್ 20ಕ್ಕೆ ಅವನು ಸಿರ್ತ್ ಪಟ್ಟಣದಲ್ಲಿ ಸತ್ತ, ಬಾಂಬು ಹಾಕಿದವರು ಮನೆಗೆ ಹೋದರು. ಕಂಬ ಬಿತ್ತು, ಕೆಳಗಿದ್ದವರ ಮೇಲೆ ಮಾಳಿಗೆ ಬಿತ್ತು. 2012ರ ಜುಲೈ 7ರಂದು ಹೆಂಗಸರು ಸಾಲುಗಟ್ಟಿ ಓಟು ಹಾಕಿದ್ದನ್ನು ನಾನು ಆಸೆಯಿಂದ ನೋಡಿದ್ದೆ. 2014ಕ್ಕೆ ಮತ್ತೆ ಯುದ್ಧ, ಪೂರ್ವಕ್ಕೊಂದು ಸರ್ಕಾರ, ಪಶ್ಚಿಮಕ್ಕೊಂದು ಸರ್ಕಾರ. 2023ರ ಸೆಪ್ಟೆಂಬರ್ 10ರ ರಾತ್ರಿ ಬಿರುಗಾಳಿ ಮಳೆಗೆ ದೆರ್ನಾ ಎಂಬ ಊರಿನ ಮೇಲಿನ ಎರಡು ಅಣೆಕಟ್ಟು ಒಡೆದು ಸಾವಿರಾರು ಜನ ಕೊಚ್ಚಿಹೋದರು. ವರ್ಷಗಟ್ಟಲೆ ದುರಸ್ತಿ ಮಾಡಿರಲಿಲ್ಲ. ಇಬ್ಬರು ಯಜಮಾನರಿರುವ ಮನೆಯಲ್ಲಿ ಸೋರುವ ಮಾಳಿಗೆ ಯಾರದು?

ಉಳಿದ ದೇಶಗಳದ್ದೂ ಹೆಚ್ಚುಕಡಿಮೆ ಹೀಗೇ. ಈಜಿಪ್ಟಿನಲ್ಲಿ ಓಟಿನಿಂದ ಬಂದ ಮೊರ್ಸಿಯನ್ನು ಒಂದೇ ವರ್ಷಕ್ಕೆ, 2013ರ ಜುಲೈನಲ್ಲಿ, ಸೈನ್ಯ ಇಳಿಸಿತು. ಸಿರಿಯಾದಲ್ಲಿ ಶಾಲೆಯ ಹುಡುಗರು ಗೋಡೆಯ ಮೇಲೆ ಬರೆದದ್ದಕ್ಕೆ ಹಿಡಿದು ಹೊಡೆದದ್ದೇ ಕಿಡಿಯಾಗಿ, ಅರ್ಧಕ್ಕಿಂತ ಹೆಚ್ಚು ಜನ ಮನೆಮಠ ಬಿಟ್ಟು, ಅಸ್ಸಾದ್ ಓಡಿಹೋದದ್ದು 2024ರ ಡಿಸೆಂಬರ್ 8ಕ್ಕೆ. ಟ್ಯುನೀಷಿಯಾ ಮಾತ್ರ ಬಹಳ ದಿನ ತಡೆದುಕೊಂಡಿತು. ಅಲ್ಲಿ ಕಾರ್ಮಿಕರ ಸಂಘ, ವಕೀಲರ ಸಂಘ ಮೊದಲಿನಿಂದ ಗಟ್ಟಿಯಾಗಿದ್ದವು. ಅವರೆಲ್ಲ ಕೂಡಿ ಜಗಳ ಬಿಡಿಸಿದ್ದಕ್ಕೆ 2015ರ ನೊಬೆಲ್ ಶಾಂತಿ ಬಹುಮಾನವೂ ಬಂತು. ಅಲ್ಲಿಯೂ 2021ರಲ್ಲಿ ಅಧ್ಯಕ್ಷರು ಪಾರ್ಲಿಮೆಂಟಿಗೆ ಬೀಗ ಹಾಕಿದರು.

ಸುಡಾನಿನ ಮಾತು ಬಂದರೆ ನಮ್ಮವರು ಇಂದಿಗೂ ಊಟ ಬಿಟ್ಟು ಏಳುತ್ತಾರೆ. ಬಷೀರನನ್ನು ಇಳಿಸುವಾಗ ಅಲ್ಲಿಯ ಹೆಂಗಸರೇ ಮುಂದಿದ್ದರು. ಬಿಳಿ ಬಟ್ಟೆಯುಟ್ಟ ಒಬ್ಬ ವಿದ್ಯಾರ್ಥಿನಿ ಕಾರಿನ ಮೇಲೆ ನಿಂತು ಕೈಯೆತ್ತಿದ ಚಿತ್ರವನ್ನು ನೀವೂ ನೋಡಿರಬಹುದು. ಆಮೇಲೆ ಸೈನ್ಯದ ಎರಡು ಬಣಗಳು ತಾವು ತಾವೇ 2023ರ ಏಪ್ರಿಲ್ 15ಕ್ಕೆ ಗುಂಡು ಹಾರಿಸಲು ಶುರು ಮಾಡಿದವು. ಆಗ ಸಿಕ್ಕಿಬಿದ್ದವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಇದ್ದರು. ಗಿಡಮೂಲಿಕೆಯ ಎಣ್ಣೆ ಮಾರಲು ಅಷ್ಟು ದೂರ ಹೋದವರು. ನಮ್ಮಲ್ಲಿ ಚುನಾವಣೆಯ ಗದ್ದಲದ ನಡುವೆ ಅವರ ಸುದ್ದಿ ಬಂತು. ನೀರಿಲ್ಲ, ಅನ್ನವಿಲ್ಲ ಎಂದು ಮೊಬೈಲಿನಲ್ಲಿ ಹೇಳುತ್ತಿದ್ದರು, ಅಪ್ಪಟ ಕನ್ನಡದಲ್ಲಿ. 'ಆಪರೇಷನ್ ಕಾವೇರಿ' ಎಂದು ಹಡಗು, ವಿಮಾನ ಕಳಿಸಿ ಕರೆತಂದರು. ಅವರು ಬೆಂಗಳೂರಿಗೆ ಬಂದಿಳಿಯುವವರೆಗೆ ನಮ್ಮವರು ರಾತ್ರಿಯೆಲ್ಲ ಟಿ.ವಿ. ಮುಂದೆ ಕೂತಿದ್ದರು.

ಗಂಡ ಹೆಂಡತಿಗೆ ಈ ವಿಷಯದಲ್ಲಿ ಜಗಳ ಉಂಟು. ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಅವರು, "ಗದ್ದಾಫಿ ಇದ್ದಾಗ ಛಲೋ ಇತ್ತು, ಕರೆಂಟ್ ಹೋಗ್ತಿರ್ಲಿಲ್ಲ, ಪಗಾರ ಬರ್ತಿತ್ತು, ಏನ್ ಸಿಕ್ಕಿತು ಅವರಿಗಿ?" ಎನ್ನುತ್ತಾರೆ. ಕೆಲಸ ಕಳೆದುಕೊಂಡವರ ಸಂಕಟ ಅದು, ನನಗೆ ತಿಳಿಯುತ್ತದೆ. ಆದರೆ ಜೈಲಿನ ಬಾಗಿಲಿಗೆ ಬುತ್ತಿ ಒಯ್ದ ತಾಯಿಗೆ ಆ ಮಾತನ್ನು ಹೋಗಿ ಹೇಳಿ ನೋಡೋಣ. ಅಷ್ಟು ವರ್ಷ ಒಂದೇ ಕಂಬ ನಿಲ್ಲಿಸಿದವನದು ತಪ್ಪೋ, ಅದನ್ನು ಅಲುಗಾಡಿಸಿದವಳದು ತಪ್ಪೋ? ಅವರು ಉತ್ತರ ಕೊಡುವುದಿಲ್ಲ, ನಾನೂ ಬಿಡುವುದಿಲ್ಲ. ಸಬ್ರಿ ಓಣಿಯ ಆ ಸ್ಟೋರ್‌ಕೀಪರ್ ಮೊದಮೊದಲು ಈದ್ ಹಬ್ಬಕ್ಕೆ ಫೋನು ಮಾಡುತ್ತಿದ್ದ. 2014ರ ನಂತರ ಬೆಂಗಾಜಿಯಲ್ಲಿ ಮೂರು ವರ್ಷ ಕಾಳಗ ನಡೆದು, ಆ ಓಣಿಯೆಲ್ಲ ಕಲ್ಲು ಮಣ್ಣಿನ ಗುಡ್ಡೆಯಾದ ಚಿತ್ರವನ್ನು ನಾವು ನೋಡಿದೆವು. ಫೋನು ಹತ್ತುವುದಿಲ್ಲ. ನಂಬರನ್ನು ನಮ್ಮವರು ಅಳಿಸಿಲ್ಲ.

ಅತ್ತೆಯವರು 2019ರಲ್ಲಿ ತೀರಿಕೊಂಡರು. ಬೀಬಿಯ ಹಂಡೆ ಅವರ ತವರಿನಿಂದ ಹೇಗೋ ನಮ್ಮ ಮನೆಗೆ ಬಂದಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ಅದರಲ್ಲೇ ನೀರು ಕಾಯಿಸುತ್ತಿದ್ದೆ, ಯಾರದೆಂದು ಗೊತ್ತಿಲ್ಲದೆ. ಗೊತ್ತಾದ ಮೇಲೆ ಒಲೆಗೆ ಏರಿಸಲು ಮನಸ್ಸು ಬರಲಿಲ್ಲ. ಮೊನ್ನೆ ಪಾತ್ರೆ ತಿಕ್ಕಿ ಹೊಳಪು ಕೊಡುವವನು ಓಣಿಯಲ್ಲಿ ಕೂಗುತ್ತ ಬಂದಾಗ ಹೊರಗೆ ತಂದು ಕೊಟ್ಟೆ. ಅವನು ತಿರುಗಿಸಿ ನೋಡಿ, "ಅಕ್ಕ, ಕಂಠದ ಮ್ಯಾಲ ಉರ್ದುದಾಗ ಯಾರದೋ ಹೆಸರು ಅದ, ತಿಕ್ಕಿ ಸಾಫ್ ಮಾಡ್ಲೇನು?" ಎಂದು ಕೇಳಿದ. ಅದೊಂದನ್ನು ಬಿಟ್ಟು ಉಳಿದದ್ದನ್ನು ತಿಕ್ಕು ಎಂದೆ.